ಓಬಳೇಶ ಬಾವನ ಎಡಗಡೆ

ನಮ್ಮ ಬಾವ ಓಬಳೇಶ ತನ್ನ ಜೀವಮಾನದಲ್ಲಿ ಯಾರ ಮೇಲೂ ಸುಳ್ಳು ದೂರು ಹೇಳಿದವನಲ್ಲ. ಹೇಳಿದ್ದೆಲ್ಲ ಮೂರು ಕ್ಯಾಮೆರಾಗಳ ಮೇಲೆ, ಎರಡು ಜೂಮ್ ಲೆನ್ಸುಗಳ ಮೇಲೆ, ಮತ್ತೆ ನನ್ನ ಅಕ್ಕನ ಮೇಲೆ. ಕ್ಯಾಮೆರಾಗಳಿಗೆ ಬಾಯಿಲ್ಲ, ಬಿಡಿ. ನನ್ನಕ್ಕ ಗಂಗಲಕ್ಷ್ಮಿಗೆ ಚೆನ್ನಾಗಿಯೇ ಬಾಯಿತ್ತು. ಆದರೆ ಈ ಒಂದು ವಿಷಯದಲ್ಲಿ ಅವಳೂ ಬಹಳ ವರ್ಷ ಬಾಯಿ ಬಿಡಲಿಲ್ಲ.

ಬಾವ ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವನು. ನಾನೂ ಅದೇ ಬೀದಿಯವನೇ. ಅವನು ನನಗಿಂತ ನಾಲ್ಕೈದು ವರ್ಷ ದೊಡ್ಡವನಾದರೂ ಒಂದೇ ಓಣಿಯಲ್ಲಿ ಗೋಲಿ ಆಡಿ, ಒಂದೇ ಬಾವಿಗೆ ಧುಮುಕಿ ಬೆಳೆದವರು. ಆಮೇಲೆ ಅಕ್ಕನನ್ನು ಮದುವೆಯಾಗಿ ಬಾವನಾದ ಮಾತ್ರಕ್ಕೆ ಬಹುವಚನ ಹಚ್ಚಿ ಮಾತಾಡಲು ನನ್ನ ನಾಲಿಗೆ ಒಪ್ಪಲಿಲ್ಲ. ನನಗೆ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂರುವ ತಾಳ್ಮೆ ಇರಲಿಲ್ಲ. ಚಳ್ಳಕೆರೆಗೆ ಬಂದು ಎಣ್ಣೆ ಮಿಲ್ಲಿನಲ್ಲಿ ಶೇಂಗಾ ತೂಕ ಹಾಕಿಸುವ ಕೆಲಸ ಹಿಡಿದೆ. ನಮ್ಮ ಮನೆಗಳಲ್ಲಿ ಆಡುವುದು ತೆಲುಗು, ಬೀದಿಗೆ ಬಂದರೆ ಕನ್ನಡ, ಜಗಳಕ್ಕೆ ಎರಡೂ.

ನಮ್ಮ ಕಡೆಯ ಸೀರೆಗೆ ಒಡಲಿನದು ಒಂದು ಬಣ್ಣ, ಎರಡು ಅಂಚಿನದು ಇನ್ನೊಂದು ಬಣ್ಣ. ಅದಕ್ಕಾಗಿ ಮೂರು ಲಾಳಿ ಬೇಕು. ನೇಕಾರ ನಡುವೆ ಕೂತು ಒಡಲಿನ ಲಾಳಿಯನ್ನೂ ಬಲ ಅಂಚಿನದನ್ನೂ ನೋಡಿಕೊಳ್ಳುತ್ತಾನೆ. ಎಡ ಅಂಚಿನ ಲಾಳಿ ಹಾಕಲು ಪಕ್ಕದಲ್ಲಿ ಇನ್ನೊಬ್ಬರು ಕೂರಲೇಬೇಕು. ಮದುವೆಯಾಗಿ ಬಂದ ವರ್ಷದಿಂದ ಬಾವನ ಎಡಗಡೆ ಕೂತವಳು ಗಂಗಕ್ಕ. ಅವನು ನೂಲು ಒತ್ತುವ ಹಣಿಗೆ ಬಡಿಯುವುದಕ್ಕೂ ಇವಳು ಲಾಳಿ ತಳ್ಳುವುದಕ್ಕೂ ಎಷ್ಟು ಹೊಂದಿಕೆಯಾಗಿತ್ತೆಂದರೆ, ಮಾತು ಬಿಟ್ಟು ಜಗಳವಾಡುತ್ತಿದ್ದ ದಿನಗಳಲ್ಲೂ ಸೀರೆಗೆ ಏನೂ ಆಗುತ್ತಿರಲಿಲ್ಲ. ಆ ದಿನಗಳಲ್ಲೇ ಹೆಚ್ಚು ನೇಯುತ್ತಿದ್ದರು ಎಂದು ನಾನು ರೇಗಿಸುತ್ತಿದ್ದೆ.

ಇಂಥವನಿಗೆ ಕ್ಯಾಮೆರಾದ ಹುಚ್ಚು ಹಿಡಿಸಿದವರು ಹೊರಗಿನಿಂದ ಬಂದ ಫೋಟೋದವರು. ಮೊಳಕಾಲ್ಮೂರಿನ ಮಗ್ಗ ಎಂದರೆ ಅವರಿಗೆ ಒಂದು ಪ್ರೀತಿ. ಬರುತ್ತಾರೆ, ಮಗ್ಗದ ಮನೆಯ ಬೆಳಕು ಹೊಗಳುತ್ತಾರೆ, ಮುದುಕಿಯರನ್ನು ರಾಟೆಯ ಮುಂದೆ ಕೂರಿಸಿ ಹತ್ತಾರು ಸಲ ಕ್ಲಿಕ್ಕಿಸುತ್ತಾರೆ, ಫೋಟೋ ಕಳಿಸುತ್ತೇವೆ ಎಂದು ವಿಳಾಸ ಬರೆದುಕೊಂಡು ಹೋಗುತ್ತಾರೆ. ಒಂದು ಫೋಟೋವೂ ಬರುವುದಿಲ್ಲ. ಪಕ್ಕದ ಮನೆಯ ಚಿತ್ತಮ್ಮ ಎಂಬ ಅಜ್ಜಿ ತನ್ನ ಫೋಟೋ ಬಂತಾ ಎಂದು ಅಂಚೆಯವನನ್ನು ವರ್ಷವಿಡೀ ಕೇಳಿದಳು. ಬಾವನಿಗೆ ಮೈಯೆಲ್ಲ ಉರಿಯಿತು.

"ನಮ್ಮ ಮುಖ ನಮಗೇ ಕೊಡಲ್ಲ ಅಂದ್ರೆ ಏನಲೇ ಇದು ಮಾರುತೇಶ? ನಾನೇ ತೆಗೀತೀನಿ. ಯಾರ ಫೋಟೋ ತೆಗೀತೀನೋ ಅವ್ರ ಕೈಗೆ ಕೊಟ್ಟೇ ಕೊಡ್ತೀನಿ," ಅಂದ.

ಮನೆಗೊಂದು ಬೈಕು ಬರಬೇಕಾದ ಹೊತ್ತಿನಲ್ಲಿ ಹೀಗೆ ಕ್ಯಾಮೆರಾ ಬಂತು. ಯಾರೋ ಬಳಸಿ ಬಿಟ್ಟ ಸಣ್ಣ ಡಿಎಸ್‌ಎಲ್‌ಆರ್, ಜೊತೆಗೆ ಅದರದೇ ಗಿಡ್ಡ ಲೆನ್ಸು. ಕೊಟ್ಟ ಮಾತು ಮಾತ್ರ ಕೊನೆಯವರೆಗೂ ಉಳಿಸಿಕೊಂಡ. ಕಾಸು ಮುಟ್ಟಲಿಲ್ಲ, ಮದುವೆ ಮುಂಜಿಗೆ ಹೋಗಲಿಲ್ಲ. ನೇಯ್ಗೆಗೆ ಬಿಡುವಾದಾಗ ಬೀದಿಯವರನ್ನು, ಕುರಿ ಕಾಯುವವರನ್ನು, ಪರಶುರಾಂಪುರದ ಬಸ್ಸಿಗೆ ಕಾದು ಕೂತ ಮುದುಕರನ್ನು ತೆಗೆಯುತ್ತಿದ್ದ. ಪ್ರಿಂಟು ಹಾಕಿಸಿ ಅವರನ್ನು ಹುಡುಕಿಕೊಂಡು ಹೋಗಿ ಕೊಡುತ್ತಿದ್ದ. ಈ ಸೀಮೆಯ ಎಷ್ಟೋ ಗೋಡೆಗಳ ಮೇಲೆ ದೇವರ ಪಕ್ಕ ನೇತುಹಾಕಿರುವುದು ಅವನು ತೆಗೆದ ಮುಖಗಳೇ.

ಗಂಗಕ್ಕ ಅವನ ಜೊತೆ ಹೋಗುತ್ತಿದ್ದಳು. ಸುಮ್ಮನೆ ಅಲ್ಲ, ಅವಳಿಗೂ ಒಂದು ಕೆಲಸವಿತ್ತು. ಮುಖದ ಮೇಲೆ ಬೆಳಕು ಸಾಲದಿದ್ದರೆ ಬಿಳಿ ಪಂಚೆಯೊಂದನ್ನು ಬಿಡಿಸಿ ಹಿಡಿಯಬೇಕು, ಬಿಸಿಲು ಅದಕ್ಕೆ ಬಡಿದು ಮುಖದ ಕಡೆ ತಿರುಗಬೇಕು. ಅದಕ್ಕೆ ಅವಳು ನಿಲ್ಲುತ್ತಿದ್ದದ್ದೂ ಎಡಗಡೆಯೇ. ಯಾರೂ ಹೇಳಿಕೊಟ್ಟದ್ದಲ್ಲ, ಮಗ್ಗದಲ್ಲಿ ಕೂತ ಅಭ್ಯಾಸ ಅವಳನ್ನು ಅಲ್ಲಿಗೆ ಒಯ್ಯುತ್ತಿತ್ತು. ಬಾವ ಬಲಗಣ್ಣನ್ನು ಕ್ಯಾಮೆರಾದ ಕಿಂಡಿಗೆ ಹಚ್ಚಿ, ಎಡಗಣ್ಣು ಮುಚ್ಚಿ, "ಇನ್ನೊಂಚೂರು ಆಕಡೆ ಸರಿ... ಹಾಂ, ನಿಲ್ಲು," ಅನ್ನುತ್ತಿದ್ದ. ಅವಳು ನಿಲ್ಲುತ್ತಿದ್ದಳು.

ಮೊದಮೊದಲು ಎಲ್ಲ ಸರಿಯಿತ್ತು. ಆಮೇಲೆ ಯಾವಾಗಲೋ ಫೋಟೋಗಳ ಎಡ ಅಂಚಿನಲ್ಲಿ ಏನಾದರೂ ನುಸುಳತೊಡಗಿತು. ಪಂಚೆಯ ಚುಂಗು, ಬೆರಳ ತುದಿ, ಅಕ್ಕನ ಮೊಣಕೈ. ಚಿತ್ತಮ್ಮಜ್ಜಿ ರಾಟೆಯ ಮುಂದೆ ಬೊಚ್ಚು ಬಾಯಿ ಬಿಟ್ಟು ನಕ್ಕ ಫೋಟೋ ನೀವು ನೋಡಬೇಕು, ಅಷ್ಟು ಚೆಂದ. ಅದರಲ್ಲೂ ಎಡಕ್ಕೆ ಅಕ್ಕನ ಒಂದು ಕೈ. ಬಾವ ಹಳೇ ಕಂಪ್ಯೂಟರಿನ ಮುಂದೆ ಕೂತು ಅದನ್ನು ಕತ್ತರಿಸಿ ಪ್ರಿಂಟು ಹಾಕಿಸಿದ. ಫೋಟೋ ಉದ್ದುದ್ದ ಆಯಿತು, ಫ್ರೇಮಿಗೆ ಸರಿಯಾಗಿ ಕೂರಲಿಲ್ಲ. ಅಜ್ಜಿ ತೀರಿಕೊಂಡ ಮೇಲೆ ಹಾರ ಹಾಕಿದ್ದು ಅದೇ ಫೋಟೋಕ್ಕೆ.

"ನಿನ್ನ ಕೈ ಇಲ್ದಿರೋದು ಒಂದು ಫೋಟೋನಾದ್ರೂ ಬರ್ಲಿ ಮಾರಾಯ್ತಿ! ನಿಲ್ಲು ಅಂದ ಕಡೆ ನಿಲ್ಲಕ್ಕೆ ಏನು ಕಷ್ಟ ನಿಂಗೆ?" ಎಂದು ನನ್ನೆದುರೇ ಅಕ್ಕನನ್ನು ಗದರಿದ.

"ನೀನು ಹೇಳಿದಲ್ಲೇ ನಿಂತಿದ್ದೆ," ಅಂದಳು ಅಕ್ಕ.

"ನನಗೆ ಕಾಣ್ಲಿಲ್ಲ ಅಂದ್ಮೇಲೆ ನೀನು ಆಮೇಲೆ ಮುಂದೆ ಬಂದಿದೀಯ."

ಮುಂದಿನ ಸಲ ಅವಳು ಇನ್ನೂ ದೂರ ನಿಂತಳು. ಆದರೂ ಸೆರಗು ಬಂತು.

ಆಗ ಅವನಿಗೊಂದು ಜ್ಞಾನೋದಯವಾಯಿತು. ಎಲ್ಲೋ ಓದಿಕೊಂಡು ಬಂದ. ಸಣ್ಣ ಕ್ಯಾಮೆರಾಗಳ ಕಿಂಡಿಯಲ್ಲಿ ಇಡೀ ಚಿತ್ರ ಕಾಣುವುದಿಲ್ಲವಂತೆ, ಅಂಚಿನ ಸ್ವಲ್ಪ ಭಾಗ ಕಣ್ಣಿಗೆ ಬೀಳದೆ ಫೋಟೋದಲ್ಲಿ ಬರುತ್ತದಂತೆ. ಅದೇನೂ ಸುಳ್ಳಲ್ಲ, ನಾನೂ ಆಮೇಲೆ ವಿಚಾರಿಸಿದೆ. ಹಾಳಾದದ್ದು, ಅದು ಪೂರಾ ಸುಳ್ಳಾಗಿದ್ದರೆ ಚೆನ್ನಾಗಿತ್ತು. ಬಾವ ಅಕ್ಕನನ್ನು ಬೈಯುವುದು ಬಿಟ್ಟು ಕ್ಯಾಮೆರಾವನ್ನು ಬೈಯತೊಡಗಿದ. "ತಪ್ಪು ಇವಳದಲ್ಲ ಕಣಲೇ, ಬಾಡಿದು," ಅಂದ. ಲೆನ್ಸು ಬಿಟ್ಟರೆ ಉಳಿಯುವ ಕ್ಯಾಮೆರಾದ ದೇಹಕ್ಕೆ ಅವರೆಲ್ಲ ಬಾಡಿ ಅನ್ನುತ್ತಾರೆ. ದಾವಣಗೆರೆಯವರೆಗೂ ನನ್ನನ್ನು ಎಳೆದುಕೊಂಡು ಹೋಗಿ ಅದನ್ನು ಕೊಟ್ಟು ಇನ್ನೊಂದು ಬಾಡಿ ತಂದ.

ನೇಕಾರನ ಬುದ್ಧಿಯೇ ಹಾಗೆ. ಬಟ್ಟೆಯಲ್ಲಿ ಗೆರೆ ಎದ್ದರೆ ಹಣಿಗೆ ನೋಡುತ್ತಾನೆ, ಅದು ಸರಿಯಿದ್ದರೆ ಹಾಸುನೂಲಿನ ಬಿಗಿ ನೋಡುತ್ತಾನೆ, ಆಮೇಲೆ ಲಾಳಿ. ಸಾಮಾನು ಒಂದೊಂದೇ ಬದಲಾಯಿಸುತ್ತ ಹೋಗಿ ತಪ್ಪು ಹಿಡಿಯುವುದು ಅವನಿಗೆ ಅಪ್ಪ ಕಲಿಸಿದ ವಿದ್ಯೆ. ಕಣ್ಣನ್ನು ಅನುಮಾನಿಸಲು ನಮ್ಮ ಕೇರಿಯಲ್ಲಿ ಯಾರೂ ಕಲಿಸುವುದಿಲ್ಲ. ಕೂದಲಿಗಿಂತ ಸಣ್ಣ ಎಳೆಯನ್ನು ಬರಿಗಣ್ಣಲ್ಲಿ ಹುಡುಕಿ ಗಂಟು ಹಾಕುವ ಕಣ್ಣು ಅದು. ಊರಲ್ಲಿ ಕಣ್ಣಿನ ಶಿಬಿರ ಆದಾಗಲೂ ಬಾವ ಹೋಗಿ ಬೋರ್ಡಿನ ಕೊನೆಯ ಸಾಲಿನವರೆಗೆ ಗಡಗಡ ಓದಿ, ಕನ್ನಡಕ ಬೇಡ ಅನ್ನಿಸಿಕೊಂಡು, ಎದೆ ಉಬ್ಬಿಸಿಕೊಂಡು ಬಂದಿದ್ದ.

ಹೊಸ ಬಾಡಿಯ ಜೊತೆಗೆ ಹಳೆಯ ಕಾಲದ ಒಂದು ಜೂಮ್ ಲೆನ್ಸು ತಂದಿದ್ದ. ತಿರುಗಿಸುವುದಲ್ಲ, ಕೊಳವೆಯನ್ನು ಹಿಂದೆ ಮುಂದೆ ಎಳೆಯುವಂಥದು. ದೂರದ ಕುರಿಮಂದೆ ಅಂಗಳಕ್ಕೆ ಬಂದಂತೆ ಕಾಣುತ್ತಿತ್ತು. ತಂದ ಹೊಸದರಲ್ಲಿ ನನ್ನನ್ನು ಉಳ್ಳಾರ್ತಿ ಕಾವಲಿನ ಹುಲ್ಲುಗಾವಲಿಗೆ ಕರೆದುಕೊಂಡು ಹೋಗಿ, ಹುಲ್ಲಿನ ನಡುವೆ ನಿಂತ ಕೃಷ್ಣಮೃಗದ ಕಣ್ಣಿನ ರೆಪ್ಪೆ ತೋರಿಸಿದ್ದ. ಆದರೆ ಆ ಲೆನ್ಸಿಗೊಂದು ಚಾಳಿ. ಕೆಳಮುಖ ಮಾಡಿದರೆ ತನ್ನ ಭಾರಕ್ಕೆ ತಾನೇ ಜಾರುತ್ತಿತ್ತು. ಬಾವ ಸೈಕಲ್ ಟ್ಯೂಬಿನ ರಬ್ಬರು ಕತ್ತರಿಸಿ ಅದರ ಕೊರಳಿಗೆ ಸುತ್ತಿದ. ಎಡಗಡೆ ಅಕ್ಕ ಮತ್ತೆ ಕಾಣಿಸಿಕೊಂಡಾಗ, "ಕ್ಲಿಕ್ ಮಾಡೋ ಹೊತ್ತಿಗೆ ಜೂಮ್ ಜಾರಿ ಅಗಲ ಆಗ್ತೈತೆ, ಅದಕ್ಕೆ ಇವ್ಳು ಒಳಗೆ ಬರ್ತಾಳೆ," ಎಂದು ತೀರ್ಮಾನಿಸಿದ. ಸ್ವಲ್ಪ ಕಾಲದ ಮೇಲೆ ತಿರುಗಿಸುವ ಜೂಮ್ ಬಂತು. ಅದರಲ್ಲೂ ಅಕ್ಕ ಬಂದಳು, ಈಗ ಭುಜದವರೆಗೆ.

ನಾನು ಸುಮ್ಮನಿರುವವನಲ್ಲ. "ಬಾವ, ಅಕ್ಕನ್ನ ನಡುವಿಗೆ ನಿಲ್ಸಿ ತೆಗಿ. ಆಗ ಅಂಚಲ್ಲಿ ಯಾರೂ ಬರಲ್ಲ," ಅಂದೆ. ಬೀದಿಯವರೆಲ್ಲ ನಕ್ಕರು. ಅಕ್ಕ ನಗಲಿಲ್ಲ ಎಂಬುದು ನನಗೆ ಈಗ ನೆನಪಾಗುತ್ತದೆ.

ಮೂರನೆಯ ಬಾಡಿ ದೊಡ್ಡದು, ಭಾರದ್ದು. ಅದರ ಕಿಂಡಿಯಲ್ಲಿ ಇಡೀ ಚಿತ್ರ ಒಂದು ಎಳೆಯೂ ಬಿಡದೆ ಕಾಣುತ್ತದೆ ಎಂದು ಮಾರಿದವನು ಹೇಳಿದ್ದ, ನಿಜವೂ ಹೌದು. ಅದು ಬಂದ ದಿನ ಬಾವ ಹಬ್ಬದ ದಿನದಂತೆ ತಲೆಗೆ ನೀರು ಹಾಕಿಕೊಂಡು ಕೂತಿದ್ದ. "ಇನ್ನು ಯಾರೂ ಕದ್ದು ಒಳಗೆ ಬರಂಗಿಲ್ಲ," ಎಂದು ಅಕ್ಕನ ಕಡೆ ನೋಡಿ ಕಣ್ಣು ಹೊಡೆದ. ಪಾಪ, ಎಷ್ಟು ಖುಷಿಯಾಗಿದ್ದ ಅವತ್ತು.

ಅದಾದ ಕೆಲವು ವಾರಕ್ಕೆ ಗಂಗಕ್ಕ ಒಬ್ಬಳೇ ಚಳ್ಳಕೆರೆಗೆ ಬಂದಳು. ಮಿಲ್ಲಿನ ಹೊರಗೆ ಬೇವಿನ ಮರದ ಕೆಳಗೆ ನನ್ನನ್ನು ಕರೆಸಿಕೊಂಡು, ಸುತ್ತು ಬಳಸು ಇಲ್ಲದೆ ಹೇಳಿದಳು.

"ನಿಮ್ಮ ಬಾವಂಗೆ ಎಡಗಡೆ ಕಾಣ್ತಾ ಇಲ್ಲ ಕಣೋ."

"ಏನು ಹಂಗಂದ್ರೆ? ನೆನ್ನೆ ಮೊನ್ನೆ ಬಸ್ಸಿನ ಬೋರ್ಡು ಅಷ್ಟು ದೂರದಿಂದ ಓದಿದ್ನಲ್ಲ?"

"ಎದುರಿಗಿರೋದು ಕಾಣ್ತೈತೆ. ಪಕ್ಕದಲ್ಲಿರೋದು ಕಾಣ್ತಾ ಇಲ್ಲ. ಮಗ್ಗದಾಗೆ ಎಡ ಅಂಚಲ್ಲಿ ಎಳೆ ಕಡಿದ್ರೆ ಅವನಿಗೆ ತಿಳಿಯಲ್ಲ. ನಾನೇ ಗಂಟು ಹಾಕ್ತಾ ಇದೀನಿ. ಬಾಳ ದಿನ ಆಯ್ತು."

"ಮತ್ತೆ ಹೇಳಬಾರ್ದಾ ಅವನಿಗೆ?"

"ನೇಯೋನಿಗೆ ಕಣ್ಣಿಲ್ಲ ಅಂತ ಹೆಂಗೆ ಹೇಳ್ಲಿ? ಮೊದ್ಲು ನಂಗೇ ನಂಬಿಕೆ ಆಗ್ಬೇಕು," ಅಂದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ಭಾನುವಾರ ಬರುತ್ತೇನೆ ಎಂದು ಹೇಳಿ ಅವಳನ್ನು ಬಸ್ಸು ಹತ್ತಿಸಿದೆ.

ಆ ಭಾನುವಾರ ಮೂವರೂ ಕಾವಲಿಗೆ ಹೋದೆವು. ಯತ್ತಪ್ಪ ಎಂಬ ಕುರಿಗಾಹಿ ಬಾವನಿಗೆ ಬಹಳ ಬೇಕಾದವನು. ಕಾವಲಿನ ಸುತ್ತ ಗೋಡೆ ಎದ್ದ ಮೇಲೆ ಒಳಗೆ ಹೋಗುವಂತಿಲ್ಲ, ಹೊರಗಿನ ಬಯಲಲ್ಲಿ ಅವನ ಮಂದೆ ಇತ್ತು. ಸಂಜೆಯ ಬಿಸಿಲು ಹುಲ್ಲಿನ ಮೇಲೆ ಬಿದ್ದು ಎಲ್ಲ ಹಳದಿಯಾಗಿತ್ತು. ಯತ್ತಪ್ಪ ಹೆಗಲಿಗೆ ಕಂಬಳಿ ಹಾಕಿಕೊಂಡು, ಕೋಲೂರಿ, ಫೋಟೋಕ್ಕೆಂದೇ ಮೀಸೆ ತೀಡಿಕೊಂಡು ನಿಂತ. ಬಾವ ದೂರ ಹೋಗಿ ಜೂಮ್ ತಿರುಗಿಸಿ ಕಿಂಡಿಗೆ ಬಲಗಣ್ಣಿಟ್ಟ. ಅಕ್ಕ ಪಂಚೆ ಬಿಡಿಸಿ ಎಡಗಡೆ ನಿಂತಳು. ನಾನು ಬಾವನ ಹಿಂದಿದ್ದೆ.

"ಹಾಂ, ಅಲ್ಲೇ ನಿಲ್ಲು," ಅಂದ ಬಾವ.

ಅಕ್ಕ ನಿಲ್ಲಲಿಲ್ಲ. ಯತ್ತಪ್ಪನ ಕಡೆಗೆ ಒಂದು ಹೆಜ್ಜೆ ಇಟ್ಟಳು. ಬಾವ ಕ್ಲಿಕ್ಕಿಸಿದ. ಇನ್ನೊಂದು ಹೆಜ್ಜೆ ಇಟ್ಟಳು. ಕ್ಲಿಕ್ಕಿಸಿದ. ಮತ್ತೂ ಮುಂದೆ ಬಂದಳು. ಈಗ ಅವಳು ಯತ್ತಪ್ಪನಿಂದ ಒಂದೂವರೆ ಮಾರು ದೂರವೂ ಇರಲಿಲ್ಲ, ಚೌಕಟ್ಟಿನೊಳಗೆ ಪೂರ್ತಿ ಬಂದುಬಿಟ್ಟಿದ್ದಳು. ಯತ್ತಪ್ಪ ಗಲಿಬಿಲಿಯಾಗಿ, "ಯಾಕವ್ವ, ನೀನೂ ನಿಂತ್ಕಂತೀಯಾ?" ಎಂದು ಮೆಲ್ಲಗೆ ಕೇಳಿದ. ಅವಳು ತುಟಿಯ ಮೇಲೆ ಬೆರಳಿಟ್ಟಳು. ಪಂಚೆಯನ್ನು ಕೆಳಗಿಳಿಸಿದಳು. ತನ್ನ ಗಂಡನನ್ನು, ಅವನ ಮುಖ ಮುಚ್ಚಿದ್ದ ಆ ಕರಿ ಕ್ಯಾಮೆರಾವನ್ನು ನೇರವಾಗಿ ನೋಡುತ್ತ ನಿಂತಳು. ಅವಳ ಕಣ್ಣಿಂದ ನೀರು ಇಳಿಯುತ್ತಿದ್ದದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು.

"ಆಹಾ, ಯತ್ತಪ್ಪಣ್ಣ, ಹಂಗೇ ಇರು, ಹಂಗೇ ಇರು!" ಎಂದು ಬಾವ ಕ್ಲಿಕ್ಕಿಸಿದ. "ಬಾಳ ಚೆನ್ನಾಗಿ ಬಂತು. ಗಂಗಾ, ಇವತ್ತು ನೀನು ಸರಿಯಾಗಿ ನಿಂತಿದೀಯ ನೋಡು."

ಅಕ್ಕ ನಡೆದು ಬಂದು, "ತೋರ್ಸು," ಅಂದಳು.

ಅವನು ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಫೋಟೋ ತೆರೆದ. ನೋಡಿದ. ಪರದೆಯ ಮೇಲಿನ ಧೂಳನ್ನು ಹೆಬ್ಬೆರಳಿಂದ ಒರೆಸಿ ಇನ್ನೊಮ್ಮೆ ನೋಡಿದ. ಆಮೇಲೆ ನಮ್ಮ ಬಾವ ಏನು ಹೇಳಿದ ಗೊತ್ತೇ?

"ಅಯ್ಯೋ, ಈ ಬಾಡಿನೂ ಕೆಟ್ಟೋಯ್ತಲ್ಲೇ."

ನನಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂತು. ಅಕ್ಕ ಮಾತ್ರ ಸಮಾಧಾನವಾಗಿದ್ದಳು. ಅವನ ಕೈಯಿಂದ ಕ್ಯಾಮೆರಾ ತೆಗೆದು ನನಗೆ ಕೊಟ್ಟಳು. ತನ್ನ ಅಂಗೈಯಿಂದ ಅವನ ಎಡಗಣ್ಣು ಮುಚ್ಚಿ, "ಯತ್ತಪ್ಪಣ್ಣನ ಮುಖಾನೇ ನೋಡ್ತಾ ಇರು," ಅಂದಳು. ಇನ್ನೊಂದು ಕೈಯನ್ನು ಅವನ ಎಡಗಡೆ ಚಾಚಿ ಬೆರಳುಗಳನ್ನು ಆಡಿಸಿದಳು. "ನನ್ನ ಕೈ ಕಾಣ್ತೈತಾ?"

ಅವನು ಯತ್ತಪ್ಪನ ಮುಖವನ್ನೇ ನೋಡುತ್ತಿದ್ದ. ಕುರಿಗಳ ಕೊರಳ ಗಂಟೆ ಕೇಳುತ್ತಿತ್ತು. ಆಮೇಲೆ ನಮ್ಮ ಮನೆಯ ಮಾತಿನಲ್ಲಿ, "ಕನಪಡಲೇದೇ," ಅಂದ. ಕಾಣ್ತಾ ಇಲ್ಲ ಕಣೇ, ಎಂದು. ಎಲ್ಲರೆದುರಿಗೆ ಯಾವಾಗಲೂ ಕನ್ನಡವೇ ಆಡುತ್ತಿದ್ದವನು.

ಅವನನ್ನೂ ಅಕ್ಕನನ್ನೂ ಚಿತ್ರದುರ್ಗದ ಕಣ್ಣಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಅಲ್ಲಿ ಬೋಗುಣಿಯಂಥ ಒಂದು ಯಂತ್ರದೊಳಗೆ ಮುಖವಿಟ್ಟು, ಒಂದು ಕಣ್ಣು ಮುಚ್ಚಿ, ನಡುವಿನ ಚುಕ್ಕೆಯನ್ನೇ ನೋಡುತ್ತ, ಎಲ್ಲಾದರೂ ಬೆಳಕು ಮಿನುಗಿದರೆ ಗುಂಡಿ ಒತ್ತಬೇಕು. ಬಲಗಣ್ಣಿನ ಸರದಿ ಬಂದಾಗ ಬಾವ ಗುಂಡಿ ಹಿಡಿದು ಕೂತ. ಅದು ಮಿನುಗುತ್ತಲೇ ಇತ್ತಂತೆ, ಇವನು ಸುಮ್ಮನೆ ಕೂತೇ ಇದ್ದ. ಹೊರಗೆ ಬಂದು, "ಅವ್ರ ಮಿಷನ್ ಸರಿಯಿಲ್ಲ ಕಣಲೇ, ಲೈಟೇ ಬರಲ್ಲ," ಎಂದು ನನ್ನ ಕಿವಿಯಲ್ಲಿ ಹೇಳಿದ. ಆದರೆ ಅವನಿಗೂ ಅಷ್ಟು ಹೊತ್ತಿಗೆ ಅರ್ಥವಾಗಿತ್ತು.

ಶಶಿರೇಖಾ ಎಂಬ ಡಾಕ್ಟರಮ್ಮ ಬಿಡಿಸಿ ಹೇಳಿದರು. ಗ್ಲಾಕೋಮಾ. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಸಾಯುತ್ತದೆ. ನೋವಿಲ್ಲ, ಕೆಂಪಿಲ್ಲ, ಎದುರಿನ ಅಕ್ಷರ ಕೊನೆಯವರೆಗೂ ಕಾಣುತ್ತದೆ, ಸುತ್ತಲಿನದು ಅಂಚಿನಿಂದ ಅಳಿಯುತ್ತ ಬರುತ್ತದೆ. ಬಲಗಣ್ಣಿಗೆ ಎಡಗಡೆಯದು ಹೋದರೆ ಎಡಗಣ್ಣು ಅದನ್ನು ತುಂಬಿಕೊಡುತ್ತದೆ, ಹಾಗಾಗಿ ಎರಡೂ ಕಣ್ಣು ಬಿಟ್ಟಾಗ ತಿಳಿಯುವುದೇ ಇಲ್ಲ.

"ಒಂದು ಕಣ್ಣು ಮುಚ್ಚಿ ನೋಡಿದಾಗ ಮಾತ್ರ ತಿಳೀಬೇಕಿತ್ತು ಇವರಿಗೆ. ದಿನಾ ಯಾರು ಹಾಗೆ ನೋಡ್ತಾರೆ?" ಅಂದರು ಡಾಕ್ಟರಮ್ಮ.

ನಾವು ಮೂವರೂ ನೆಲ ನೋಡಿದೆವು. ದಿನಾ ಹಾಗೆ ನೋಡುತ್ತಿದ್ದವನು ಅವರ ಮುಂದೆಯೇ ಕೂತಿದ್ದ. ಅವನ ಕೈಯಲ್ಲಿದ್ದ ಪೆಟ್ಟಿಗೆ ವರ್ಷಗಳಿಂದ ಅದನ್ನೇ ಹೇಳುತ್ತಿತ್ತು. ಅದು ಹೇಳಿದಾಗಲೆಲ್ಲ ಇವನು ಅದನ್ನು ಕೊಟ್ಟು ಇನ್ನೊಂದು ತರುತ್ತಿದ್ದ.

ಹೋದದ್ದು ಬರುವುದಿಲ್ಲ, ಎಡಗಣ್ಣಿನಲ್ಲೂ ಶುರುವಾಗಿ ಬಹಳ ಮುಂದೆ ಹೋಗಿದೆ, ಹನಿ ಹಾಕುತ್ತಿದ್ದರೆ ಉಳಿದದ್ದು ಉಳಿಯಬಹುದು ಎಂದರು. ಯಾವಾಗ ಶುರುವಾಗಿರಬಹುದು ಎಂದು ಬಾವ ಕೇಳಿದ. ಹೇಳುವುದು ಕಷ್ಟ ಎಂದರು. ಅವನಿಗೆ ಅದು ತಿಳಿಯಲೇಬೇಕಿತ್ತು. ಮನೆಗೆ ಬಂದವನೇ ಕಂಪ್ಯೂಟರು ಹಾಕಿದ. ಪ್ರಿಂಟಿಗೆ ಎಷ್ಟು ಕತ್ತರಿಸಿದ್ದರೂ ಮೂಲ ಫೋಟೋಗಳನ್ನು ಅವನು ಅಳಿಸುತ್ತಿರಲಿಲ್ಲ, ಎಲ್ಲವೂ ಅದರಲ್ಲಿದ್ದವು. ಈಚಿನದರಿಂದ ಹಿಂದಕ್ಕೆ ಒಂದೊಂದೇ ತೆರೆಯುತ್ತ ಹೋದ. ಯತ್ತಪ್ಪನ ಪಕ್ಕ ಪೂರ್ತಿ ನಿಂತ ಗಂಗಕ್ಕ. ಅದಕ್ಕೂ ಹಿಂದೆ ಭುಜದವರೆಗೆ ಬಂದ ಗಂಗಕ್ಕ. ಇನ್ನೂ ಹಿಂದೆ ಚಿತ್ತಮ್ಮಜ್ಜಿಯ ರಾಟೆಯ ಪಕ್ಕ ಅವಳ ಮೊಣಕೈ, ಅದಕ್ಕೂ ಹಿಂದೆ ಬೆರಳುಗಳು. ಕೊನೆಗೆ, ಮೊದಲ ಬಾಡಿಯ ಕಾಲದ ಒಂದು ಫೋಟೋದಲ್ಲಿ, ಪಂಚೆ ಹಿಡಿದ ಒಂದು ಉಗುರು ಮಾತ್ರ. ಅದರ ಹಿಂದಿನವುಗಳಲ್ಲಿ ಏನೂ ಇರಲಿಲ್ಲ.

"ಇಲ್ಲಿಂದ," ಅಂದ. ಉಗುರಿನ ಮೇಲೆ ಬೆರಳಿಟ್ಟುಕೊಂಡೇ ಕೂತ. "ಇವ್ಳನ್ನ ಬೈಯೋ ಬದ್ಲು ಅವತ್ತೇ ಕಣ್ಣು ತೋರ್ಸಿದ್ರೆ..."

ಅಕ್ಕ ಮುಂದಿನದನ್ನು ಹೇಳಲು ಬಿಡದೆ, "ಹನಿ ಹಾಕೋ ಹೊತ್ತಾಯ್ತು, ತಲೆ ಎತ್ತು," ಅಂದಳು.

ಹನಿ ಹಾಕುವುದನ್ನು ಅವಳು ಒಂದು ಹೊತ್ತೂ ತಪ್ಪಿಸಲಿಲ್ಲ. ಆದರೂ ಎಡಗಣ್ಣು ಡಾಕ್ಟರಮ್ಮ ಹಾರೈಸಿದಷ್ಟು ಉಳಿಯಲಿಲ್ಲ. ಮೊದಲು ಬೀದಿಯಲ್ಲಿ ಸೈಕಲ್ಲು ತಾಗುತ್ತಿತ್ತು. ಆಮೇಲೆ ಬಾಗಿಲ ಚೌಕಟ್ಟು ತಾಗುವುದಕ್ಕೆ ಶುರುವಾಯಿತು. ಈಗ ಅವನಿಗೆ ಕಾಣುವುದು ಎದುರಿಗೆ ತಟ್ಟೆಯಗಲ, ಅದೂ ಮಬ್ಬು. "ಜೂಮ್ ಫುಲ್ ಎಳೆದು ಸಿಕ್ಕಾಕ್ಕಂಡಂಗೈತೆ ಕಣಲೇ, ಹಿಂದಕ್ಕೆ ಬರವಲ್ದು," ಎಂದು ಒಮ್ಮೆ ನನಗೆ ಹೇಳಿದ. ಬೇರೆ ದಿನವಾಗಿದ್ದರೆ ನಾನು ಅದಕ್ಕೊಂದು ಕುಚೋದ್ಯ ಜೋಡಿಸುತ್ತಿದ್ದೆ.

ಮಗ್ಗದಲ್ಲಿ ಜಾಗ ಬದಲಾಯಿತು. ಗಂಗಕ್ಕ ಈಗ ನಡುವೆ ಕೂತು ಒಡಲು ನೇಯುತ್ತಾಳೆ. ಅವಳು ಕೂರುತ್ತಿದ್ದ ಕಡೆ ಬಾವ ಕೂತು, ತಡವಿಕೊಂಡು, ಅಂಚಿನ ಲಾಳಿ ಹಾಕುತ್ತಾನೆ. ಅದು ನಮ್ಮಲ್ಲಿ ಕೆಲಸ ಕಲಿಯುವವರಿಗೆ ಕೊಡುವ ಜಾಗ. ಮೊದಲ ದಿನ ಅಲ್ಲಿ ಇಳಿದು ಕೂತಾಗ ಅವನ ಮುಖ ನೋಡಲಾರದೆ ನಾನು ಎದ್ದು ಹೊರಗೆ ಬಂದೆ. ಗಂಗಕ್ಕ ಕೈತುಂಬ ಗಾಜಿನ ಬಳೆ ಹಾಕಿಕೊಳ್ಳತೊಡಗಿದ್ದಾಳೆ. ರೇಷ್ಮೆಗೆ ಸಿಕ್ಕಿಕೊಳ್ಳುತ್ತದೆಂದು ಜನ್ಮದಲ್ಲಿ ಬಳೆ ಹಾಕದವಳು. ನೇಯುವಾಗ ಮೊಣಕೈವರೆಗೆ ಸರಿಸಿ ಬಟ್ಟೆ ಸುತ್ತಿಕೊಳ್ಳುತ್ತಾಳೆ, ಮಗ್ಗದಿಂದ ಎದ್ದ ಕೂಡಲೇ ಬಿಚ್ಚುತ್ತಾಳೆ. ಅವಳು ಮನೆಯಲ್ಲಿ ಎಲ್ಲಿದ್ದಾಳೆಂದು ಅವನಿಗೆ ತಿಳಿಯಬೇಕಲ್ಲ, ಅದಕ್ಕೆ.

ಹೋದ ಯುಗಾದಿಯ ಮುಂಚೆ ಬಾವ ನನಗೆ ಫೋನು ಮಾಡಿದ.

"ಲೇ ಮಾರುತೇಶ, ಎಲ್ರಿಗೂ ಅವ್ರವ್ರ ಫೋಟೋ ಕೊಟ್ಟೆ. ನಿಮ್ಮಕ್ಕಂಗೆ ಒಂದೂ ಕೊಟ್ಟಿಲ್ಲ. ಎಲ್ಲಾದ್ರಾಗೂ ಅವ್ಳನ್ನ ಕತ್ತರಿಸಿದೀನಿ. ಯತ್ತಪ್ಪಂದು ಐತಲ್ಲ, ಅದನ್ನ ಒಂಚೂರೂ ಕತ್ತರಿಸದೆ ದೊಡ್ಡದಾಗಿ ಮಾಡ್ಸಿ ಕಟ್ಟು ಹಾಕಿಸ್ಕೊಂಡು ಬಾ. ಇಡೀ ಫೋಟೋ ಬರ್ಬೇಕು, ಹುಷಾರು."

ಚಳ್ಳಕೆರೆಯಲ್ಲಿ ಮಾಡಿಸಿದೆ. ಎರಡು ಕೈ ಚಾಚಿ ಹಿಡಿಯುವಷ್ಟು ದೊಡ್ಡದು. ಕಟ್ಟು ಹಾಕುವವನ ತಲೆಯ ಮೇಲೆ ನಿಂತು, ಅಂಚಿನ ಒಂದು ಹುಲ್ಲುಕಡ್ಡಿಯೂ ಮುಚ್ಚದಂತೆ ಹಾಕಿಸಿದೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮೊಳಕಾಲ್ಮೂರಿಗೆ ತಂದೆ. ಮಗ್ಗದ ಮನೆಯಲ್ಲಿ, ಬಾಗಿಲ ಬೆಳಕು ಬೀಳುವ ಗೋಡೆಗೆ ಮೊಳೆ ಹೊಡೆದು ನೇತುಹಾಕಿದೆ. ಫೋಟೋದ ಬಗ್ಗೆ ನನಗೇನೂ ತಿಳಿಯದು, ಆದರೆ ಅವನು ತೆಗೆದದ್ದರಲ್ಲೆಲ್ಲ ಇದೇ ದೊಡ್ಡದು ಎಂದು ನನಗನ್ನಿಸಿತು. ಬಲಗಡೆ ಮೀಸೆ ತೀಡಿಕೊಂಡ ಯತ್ತಪ್ಪ. ನಡುವೆ ಒಂದಿಷ್ಟು ಹಳದಿ ಹುಲ್ಲು. ಎಡಗಡೆ ಪಂಚೆ ಇಳಿಬಿಟ್ಟು, ಕಣ್ಣೀರಿಟ್ಟು, ನೇರ ನಮ್ಮನ್ನೇ ನೋಡುತ್ತಿರುವ ನನ್ನ ಅಕ್ಕ.

ಬಾವ ಗೋಡೆಯ ಹತ್ತಿರ ಬಂದು ನಿಂತ. ಅಕ್ಕನೂ ಬಂದು ಪಕ್ಕದಲ್ಲಿ ನಿಂತಳು, ಎಡಗಡೆಯೇ. ಅವನು ತಲೆಯನ್ನು ಮೇಲೆ ಕೆಳಗೆ ಆಡಿಸಿ, ಗಾಜಿನ ಮೇಲಿನ ಬಾಗಿಲ ಬೆಳಕನ್ನು ತಪ್ಪಿಸಿಕೊಳ್ಳುತ್ತ ಹುಡುಕಿದ.

"ಯತ್ತಪ್ಪ ಸಿಕ್ದ. ಮೀಸೆ ನೋಡು ಮಗಂದು," ಎಂದು ನಕ್ಕ. ಮತ್ತೆ ಹುಡುಕಿದ. ಕತ್ತು ಅತ್ತ ಇತ್ತ ತಿರುಗಿಸಿದ. ಹುಲ್ಲು, ಮತ್ತೆ ಯತ್ತಪ್ಪ, ಮತ್ತೆ ಗಾಜಿನ ಬೆಳಕು, ಅಷ್ಟೇ ಸಿಕ್ಕಿರಬೇಕು. ನಗು ನಿಂತಿತು.

"ಲೇ, ಕತ್ತರಿಸಬ್ಯಾಡ ಅಂತ ಅಷ್ಟು ಹೇಳಿದ್ನಲ್ಲಲೇ!" ಎಂದು ನನ್ನ ಮೇಲೆ ರೇಗಿದ. "ಆ ಕಟ್ಟು ಹಾಕೋನು ಇವ್ಳನ್ನ ತೆಗೆದೇಬಿಟ್ಟವ್ನೆ. ಗಂಗಾ ಎಲ್ಲವ್ಳೆ ಇದ್ರಾಗೆ?"

ಊರೆಲ್ಲ ಬಾಯಿಬಡುಕ ಎನ್ನುವ ನಾನು ಸುತ್ತಿಗೆ ಎತ್ತಿಕೊಂಡು ಪಕ್ಕಕ್ಕೆ ಸರಿದೆ.

ಗಂಗಕ್ಕ ಅವನ ಬಲಗೈ ಹಿಡಿದಳು. ತೋರುಬೆರಳನ್ನು ಬಿಡಿಸಿ ಯತ್ತಪ್ಪನ ಕಂಬಳಿಯ ಮೇಲಿಟ್ಟಳು. ಅಲ್ಲಿಂದ ಗಾಜಿನ ಮೇಲೆ ಮೆಲ್ಲಗೆ ಎಡಕ್ಕೆ ಎಳೆದುಕೊಂಡು ಹೋದಳು, ಹುಲ್ಲನ್ನು ದಾಟಿ, ಇಳಿಬಿದ್ದ ಪಂಚೆಯನ್ನು ದಾಟಿ. ಬಳೆಗಳು ಗಾಜಿಗೆ ತಾಗಿ ಸದ್ದಾದವು. ತನ್ನ ಮುಖ ಬಂದಾಗ ಬೆರಳನ್ನು ಅಲ್ಲೇ ಒತ್ತಿ ಹಿಡಿದಳು.

"ಇಲ್ಲೇ ಇದೀನಿ," ಅಂದಳು.

ಬಾವ ಬೆರಳು ತೆಗೆಯಲಿಲ್ಲ. ಅವನು ಫೋಟೋ ನೋಡುವುದನ್ನು ಬಿಟ್ಟು, ಬಳೆಯ ಸದ್ದು ಬಂದ ಕಡೆಗೆ ಮುಖ ತಿರುಗಿಸಿದ.